ಮೈಮೇಲಿನ ಸೆನ್ಸರ್ ಕೊಟ್ಟ ಎಚ್ಚರಿಕೆ ಯಾರ ಕೈ ಸೇರುತ್ತದೆ?

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ. ಸಕ್ಕರೆ ಕಾಯಿಲೆಯಿದೆ, ಒಮ್ಮೆ ಬಚ್ಚಲಿನಲ್ಲಿ ಜಾರಿ ಬಿದ್ದದ್ದೂ ಉಂಟು. ಮೈಮೇಲೆ ಧರಿಸುವ ಸೆನ್ಸರ್‌ಗಳ ಮೂಲಕ ನಾನು ಇಲ್ಲಿಂದಲೇ ಅವರ ಆರೋಗ್ಯವನ್ನು ಗಮನಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗಮನಿಸಬಹುದು. ಆದರೆ ಯಾವ ಸಾಧನ ಕೊಳ್ಳಬೇಕೆಂದು ಯೋಚಿಸುವುದಕ್ಕೆ ಮೊದಲು, ಅದರ ಎಚ್ಚರಿಕೆ ಯಾವ ದಾರಿಯಲ್ಲಿ ಸಾಗಿ ಯಾರನ್ನು ತಲುಪುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮೈಮೇಲಿನ ಸೆನ್ಸರ್ ಸಾಮಾನ್ಯವಾಗಿ ಹತ್ತಿರದ ಮೊಬೈಲ್‌ಗೆ ಮಾಹಿತಿ ಕಳುಹಿಸುತ್ತದೆ, ಮೊಬೈಲ್ ಅದನ್ನು ಇಂಟರ್‌ನೆಟ್ ಮೂಲಕ ಸರ್ವರ್‌ಗೆ ಮುಟ್ಟಿಸುತ್ತದೆ, ಅಲ್ಲಿಂದ ಅದು ನಿಮಗೆ ಬರುತ್ತದೆ. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಎಚ್ಚರಿಕೆ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಕೊಂಡಿಯೇ ಸೂಕ್ಷ್ಮವಾದದ್ದು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ದೇಹದಲ್ಲಿರುವ ನೀರಿನಂಶ ಚೆನ್ನಾಗಿ ಹೀರಿಕೊಳ್ಳುವುದರಿಂದ, ಸೆನ್ಸರ್‌ಗೂ ಮೊಬೈಲ್‌ಗೂ ನಡುವೆ ದೇಹವೇ ಅಡ್ಡ ಬಂದರೆ ಸಂಕೇತ ದುರ್ಬಲವಾಗುತ್ತದೆ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 2012ರಲ್ಲಿ ಮೈಮೇಲಿನ ಸೆನ್ಸರ್‌ಗಳ ಜಾಲಗಳಿಗೆಂದೇ 802.15.6 ಎಂಬ ಮಾನದಂಡವನ್ನು ಪ್ರಕಟಿಸಿತು. ದೇಹವನ್ನೇ ಸಂಕೇತದ ಮಾರ್ಗವಾಗಿ ಬಳಸುವ ವಿಧಾನವೂ ಅದರಲ್ಲಿದೆ. ಆದರೂ ಅಂಗಡಿಯಲ್ಲಿ ಸಿಗುವ ಸಾಧನಗಳು ಬಹುಮಟ್ಟಿಗೆ ಬ್ಲೂಟೂತನ್ನೇ ನೆಚ್ಚಿಕೊಂಡಿವೆ.

ನಿಮ್ಮ ತಾಯಿಯವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ಬೀಳುವುದರ ಬಗ್ಗೆ. ಬೀಳುವಾಗ ಕ್ಷಣಕಾಲ ತೂಕವಿಲ್ಲದಂತಾಗುವುದು, ಕೂಡಲೇ ದೊಡ್ಡ ಪೆಟ್ಟು, ಆಮೇಲೆ ಅಲುಗಾಟವಿಲ್ಲದಿರುವುದು – ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅಳೆಯುವ ಸೆನ್ಸರ್ ಈ ಕ್ರಮವನ್ನು ಹುಡುಕುತ್ತದೆ. ಹಾಗಾಗಿ ಗೋಡೆ ಹಿಡಿದುಕೊಂಡೇ ನಿಧಾನವಾಗಿ ಕುಸಿದವರನ್ನು ಅದು ಗುರುತಿಸದೆ ಹೋಗಬಹುದು, ಕುರ್ಚಿಯಲ್ಲಿ ಧೊಪ್ಪೆಂದು ಕುಳಿತರೆ ಬಿದ್ದರೆಂದು ತಿಳಿಯಲೂಬಹುದು. ಸ್ನಾನಕ್ಕೆ ಹೋಗುವಾಗ ಬಿಚ್ಚಿಡಬೇಕಾದ ಸಾಧನವಂತೂ ಅವರು ಹಿಂದೆ ಬಿದ್ದ ಜಾಗದಲ್ಲೇ ಜೊತೆಗಿರುವುದಿಲ್ಲ. ನೀರು ತಾಗಿದರೂ ಕೆಡದಂಥದ್ದನ್ನೇ ಆರಿಸಿ. ಚಾರ್ಜ್‌ಗೆ ಇಡುವ ಹೊತ್ತನ್ನು ಮನೆಯಲ್ಲಿ ಬೇರೆಯವರು ಇರುವ ಸಮಯಕ್ಕೆ ಹೊಂದಿಸಿ.

ಸಕ್ಕರೆಯ ಅಂಶ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು ಅಳೆಯುತ್ತದೆ. ಸಕ್ಕರೆ ಬೇಗ ಬೇಗ ಏರಿಳಿಯುವಾಗ ಅದರ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಬೆವರು, ನಡುಕ ಕಾಣಿಸಿಕೊಂಡೂ ಅಂಕಿ ಸರಿಯಾಗಿಯೇ ಇದ್ದರೆ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಲೇಬೇಕು.

ಎಚ್ಚರಿಕೆ ಮೊದಲು ತಲುಪಬೇಕಾದದ್ದು ನಿಮ್ಮನ್ನಲ್ಲ, ಕೂಡಲೇ ಬಾಗಿಲಿಗೆ ಬರಬಲ್ಲ ನೆರೆಮನೆಯವರನ್ನು. 108ಕ್ಕೆ ಕರೆ ಮಾಡುವುದನ್ನೂ ಅವರೊಂದಿಗೆ ಮಾತನಾಡಿಟ್ಟುಕೊಳ್ಳಿ. ಏನನ್ನೆಲ್ಲ ಯಾರು ನೋಡುತ್ತಾರೆಂದು ತಾಯಿಯವರಿಗೆ ವಿವರಿಸಿ, ಅವರು ಒಪ್ಪಿದ ಮೇಲಷ್ಟೇ ಸಾಧನ ತೊಡಿಸಿ. ಅವರ ದೇಹದ ಮಾಹಿತಿ ಅವರದೇ. ಬಳಿಕ ಆಗಾಗ ಎಚ್ಚರಿಕೆಯ ಗುಂಡಿ ಒತ್ತಿಸಿ, ನೆರೆಮನೆಯ ಫೋನ್ ರಿಂಗಾಯಿತೇ ಎಂದು ನೋಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ವೈಫೈ ನಿಂತ ದಿನವೂ ಒಮ್ಮೆ ಹೀಗೆ ಪರೀಕ್ಷಿಸಿ.