ಅಗಿದು ತಿನ್ನುವ ಗಿಡಮೂಲಿಕೆ ಮಾತ್ರೆ: ರುಚಿ ಇದ್ದರೂ ಅದು ಮಾತ್ರೆಯೇ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಗಿದು ತಿನ್ನುವ ಸಪ್ಲಿಮೆಂಟ್ ಮಾತ್ರೆಗಳ ಬಗ್ಗೆ ಇದ್ದವು. ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ ಜೊತೆಗೆ ಒಂದಷ್ಟು ಗಿಡಮೂಲಿಕೆ ಬೆರೆಸಿ, ಸಿಹಿ ಹಾಕಿ, ಹಣ್ಣಿನ ವಾಸನೆ ಕೊಟ್ಟು ಮಾಡಿದ ಮಾತ್ರೆಗಳು. ಕೆಲವರಿಗೆ ಇವುಗಳಿಂದ ನಿಜಕ್ಕೂ ಉಪಯೋಗ ಇದೆ. ಆದರೆ ರುಚಿಯಾಗಿದೆ ಅಂತ ಮನೆಮಂದಿಯೆಲ್ಲ ಡಬ್ಬಿಗೆ ಕೈ ಹಾಕುವುದು ನನಗೆ ಆತಂಕ ತರುವ ವಿಷಯ. ಹಾಗಾಗಿ ಕೆಲವು ಉತ್ತರಗಳನ್ನು ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನನಗೆ 61 ವರ್ಷ. ದೊಡ್ಡ ಮಾತ್ರೆ ನುಂಗಲು ಆಗುವುದಿಲ್ಲ, ಗಂಟಲಲ್ಲೇ ನಿಂತಂತೆ ಅನಿಸುತ್ತದೆ. ಮಗಳು ನುಗ್ಗೆಸೊಪ್ಪಿನ ಪುಡಿ ಸೇರಿಸಿದ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟಿದ್ದಾಳೆ, ಅಗಿದು ತಿನ್ನುವಂಥದ್ದು. ಅಗಿದರೆ ದೇಹಕ್ಕೆ ಜಾಸ್ತಿ ಸೇರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ. ನಿಜವೇ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ನಿಲ್ಲುವುದು ಮಾತ್ರೆ ಮಾತ್ರವೇ, ಅಥವಾ ಊಟವೂ ನಿಂತಂತೆ ಆಗುತ್ತದೆಯೇ? ಊಟವೂ ಸಿಕ್ಕಿಕೊಳ್ಳುತ್ತಿದ್ದರೆ, ಅದರಲ್ಲೂ ಇತ್ತೀಚೆಗೆ ಶುರುವಾಗಿದ್ದರೆ, ಮಾತ್ರೆ ಬದಲಿಸಿ ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ.

ಮಾತ್ರೆ ಒಂದೇ ಕಷ್ಟ ಎಂದಾದರೆ ಅಗಿಯುವ ಮಾತ್ರೆ ನಿಮಗೆ ಒಳ್ಳೆಯ ದಾರಿ. ಆದರೆ 'ಜಾಸ್ತಿ ಸೇರುತ್ತದೆ' ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಖನಿಜಗಳು ಬಾಯಿಯಲ್ಲಿ ರಕ್ತಕ್ಕೆ ಸೇರುವುದಿಲ್ಲ. ಅವು ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಅಗಿಯುವುದರಿಂದ ಆಗುವ ಲಾಭ ಒಂದೇ: ಮಾತ್ರೆ ಒಡೆಯುವ ಕೆಲಸ ಹಲ್ಲಿನಲ್ಲೇ ಮುಗಿಯುತ್ತದೆ. ಗಟ್ಟಿಯಾಗಿ ಒತ್ತಿದ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿ ಪೂರ್ತಿ ಕರಗುವುದಿಲ್ಲ, ಆ ತೊಂದರೆ ಇಲ್ಲಿಲ್ಲ. ಅದಕ್ಕೇ ಚೆನ್ನಾಗಿ ಪುಡಿಯಾಗುವವರೆಗೆ ಅಗಿಯಿರಿ, ಆಮೇಲೆ ನೀರು ಕುಡಿಯಿರಿ. ಅರ್ಧ ಅಗಿದು ನುಂಗಿದರೆ ದೊಡ್ಡ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಅಗಿಯುವುದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಒಳಗಿರುವ ಕ್ಯಾಲ್ಸಿಯಂ ಯಾವ ರೂಪದ್ದು ಎನ್ನುವುದು. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ತೂಕದ ಶೇ 40ರಷ್ಟು ಮಾತ್ರ ಕ್ಯಾಲ್ಸಿಯಂ. ಅಂದರೆ 1250 ಮಿಲಿಗ್ರಾಂ ಕಾರ್ಬೊನೇಟ್‌ನಲ್ಲಿ ನಿಮಗೆ ಸಿಗುವುದು 500 ಮಿಲಿಗ್ರಾಂ. ಸಿಟ್ರೇಟ್‌ನಲ್ಲಿ ಶೇ 21. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೆ ಊಟದ ಜೊತೆ ತಿನ್ನಬೇಕು. ಗ್ಯಾಸ್ಟ್ರಿಕ್‌ಗೆ ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುವವರಿಗೆ, ಹೊಟ್ಟೆಯ ಆಪರೇಷನ್ ಆದವರಿಗೆ ಸಿಟ್ರೇಟ್ ವಾಸಿ. ಅದನ್ನು ಖಾಲಿ ಹೊಟ್ಟೆಯಲ್ಲೂ ತಿನ್ನಬಹುದು. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ತಿಂದರೆ ದೇಹ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ. ಹೆಚ್ಚು ಬೇಕಿದ್ದರೆ ಬೆಳಿಗ್ಗೆ, ರಾತ್ರಿ ಎಂದು ಭಾಗ ಮಾಡಿಕೊಳ್ಳಿ. ವಿಟಮಿನ್ ಡಿ ಕಡಿಮೆ ಇದ್ದರೆ ಎಷ್ಟು ತಿಂದರೂ ಸರಿಯಾಗಿ ಸೇರುವುದಿಲ್ಲ, ಅದನ್ನೂ ನೋಡಿಸಿ.

ಇನ್ನು ನುಗ್ಗೆಸೊಪ್ಪು. ಒಣ ನುಗ್ಗೆಸೊಪ್ಪಿನ ಪುಡಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇದೆ, 100 ಗ್ರಾಂಗೆ ಸುಮಾರು 2,000 ಮಿಲಿಗ್ರಾಂ. ಆದರೆ ಒಂದು ಮಾತ್ರೆಯಲ್ಲಿ ಹಾಕುವುದು 100 ಮಿಲಿಗ್ರಾಂ ಪುಡಿ ಎಂದುಕೊಳ್ಳಿ. ಆಗ ಅದರಿಂದ ಬರುವ ಕ್ಯಾಲ್ಸಿಯಂ ಸುಮಾರು 2 ಮಿಲಿಗ್ರಾಂ ಅಷ್ಟೇ. ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ ಆಸುಪಾಸು. ಲೆಕ್ಕ ಕಣ್ಣಮುಂದೆಯೇ ಇದೆ, ಅಲ್ವಾ? ಕೆಲಸ ಮಾಡುತ್ತಿರುವುದು ಕಾರ್ಬೊನೇಟೋ ಸಿಟ್ರೇಟೋ, ಸೊಪ್ಪಿನ ಚಿತ್ರ ಡಬ್ಬಿಯ ಅಂದಕ್ಕೆ. ಕಿಡ್ನಿಯಲ್ಲಿ ಕಲ್ಲು ಆದ ಇತಿಹಾಸ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಪ್ರಶ್ನೆ: ಥೈರಾಯ್ಡ್ ಕಡಿಮೆ ಇದೆ ಎಂದು ಆರು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಹಾರ್ಮೋನ್) 3ರ ಹತ್ತಿರ ಇರುತ್ತಿತ್ತು. ಸುಸ್ತು ಮತ್ತು ಕೂದಲು ಉದುರುವುದಕ್ಕೆಂದು ಅಗಿಯುವ ಮಾತ್ರೆ ಶುರು ಮಾಡಿದೆ. ಈಗ ಟಿಎಸ್‌ಎಚ್ 9 ಬಂದಿದೆ. ಡಬ್ಬಿಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಬಯೋಟಿನ್, ಅಶ್ವಗಂಧ, ಕೆಲ್ಪ್ ಎಂದಿದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ತಿನ್ನುತ್ತೇನೆ, ಮರೆಯಬಾರದು ಅಂತ.

ಉತ್ತರ: ಪದಾರ್ಥಗಳ ಹೆಸರು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ನೀವು ಹೇಳಿದ ಐದೂ ಥೈರಾಯ್ಡ್ ವಿಷಯದಲ್ಲಿ ಕೈಯಾಡಿಸುವಂಥವೇ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ನಿಮ್ಮ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಔಷಧಿ ರಕ್ತಕ್ಕೆ ಪೂರ್ತಿ ಹೋಗುವುದಿಲ್ಲ, ಟಿಎಸ್‌ಎಚ್ ಏರುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಬೇಕು, ಖನಿಜ ಇರುವ ಯಾವುದೇ ಮಾತ್ರೆಗೂ ಅದಕ್ಕೂ ಕನಿಷ್ಠ 4 ಗಂಟೆ ಅಂತರ ಇರಬೇಕು. ಮೆಗ್ನೀಸಿಯಂ ಇದ್ದರೂ ಇದೇ ನಿಯಮ.

ಕೆಲ್ಪ್ ಎಂದರೆ ಕಡಲ ಪಾಚಿ. ಅದರಲ್ಲಿ ಅಯೋಡಿನ್ ತುಂಬ ಇರುತ್ತದೆ, ಎಷ್ಟು ಎನ್ನುವುದು ಮಾತ್ರೆಯಿಂದ ಮಾತ್ರೆಗೆ ಬೇರೆ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅತಿಯಾದರೆ ಕೆಲವರಲ್ಲಿ ಥೈರಾಯ್ಡ್ ಇನ್ನೂ ಕುಗ್ಗುತ್ತದೆ, ಕೆಲವರಲ್ಲಿ ಮಿತಿಮೀರಿ ಕೆಲಸ ಮಾಡತೊಡಗುತ್ತದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಲ್ಲದು. ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಡೋಸ್‌ನ ಲೆಕ್ಕವನ್ನೇ ಕೆಡಿಸುತ್ತದೆ.

ಬಯೋಟಿನ್ ಎಂಬ ಬಿ ವಿಟಮಿನ್‌ನ ಕಥೆ ಬೇರೆ. ಅದು ಥೈರಾಯ್ಡ್ ಗ್ರಂಥಿಗೆ ಏನೂ ಮಾಡುವುದಿಲ್ಲ, ರಕ್ತ ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ. ಹಲವು ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಒಂದು ಭಾಗ. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಎಂದು ತೋರಿಸಬಹುದು. ಅಂದರೆ ನಿಮ್ಮ ನಿಜವಾದ ಟಿಎಸ್‌ಎಚ್ 9ಕ್ಕಿಂತ ಹೆಚ್ಚೇ ಇರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯಲ್ಲೂ ಹೀಗೆ ತಪ್ಪು ಫಲಿತಾಂಶ ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿತ್ತು. ಕೂದಲಿನ ಮಾತ್ರೆಗಳಲ್ಲಿ ಬಯೋಟಿನ್ ದಿನದ ಅಗತ್ಯಕ್ಕಿಂತ ನೂರಾರು ಪಟ್ಟು ಇರುವುದುಂಟು.

ಈಗ ಮಾಡಬೇಕಾದದ್ದು: ಈ ಅಗಿಯುವ ಮಾತ್ರೆಯನ್ನು ಪೂರ್ತಿ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ಸರಿಯಾದ ರೀತಿ ಮುಂದುವರಿಸಿ. ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಿಸಿ. ಅಷ್ಟರಲ್ಲಿ ನಿಮ್ಮ ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ, ಸುಮ್ನೆ ಡೋಸ್ ಏರಿಸಿಬಿಡುವುದು ತಪ್ಪುತ್ತದೆ. ಸುಸ್ತು, ಕೂದಲು ಎರಡಕ್ಕೂ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ದಾಸ್ತಾನು ಕಡಿಮೆ ಎಂದು ಬಂದರೆ ಕಬ್ಬಿಣವನ್ನೇ ಬೇರೆಯಾಗಿ, ಬೇರೆ ಹೊತ್ತಿನಲ್ಲಿ, ಟೀ ಕಾಫಿ ಜೊತೆಗಲ್ಲದೆ ತೆಗೆದುಕೊಳ್ಳಿ. ಒಂದೇ ಮಾತ್ರೆಯಲ್ಲಿ ಕ್ಯಾಲ್ಸಿಯಂ ಮತ್ತು ಕಬ್ಬಿಣ ಇಡುವುದು ನನಗೆ ಇಷ್ಟವಿಲ್ಲ. ಕ್ಯಾಲ್ಸಿಯಂ ಕಬ್ಬಿಣಕ್ಕೂ ಅಡ್ಡಿ ಮಾಡುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೂ ಹೇಳಿಬಿಡುತ್ತೇನೆ. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆ, ಇವಕ್ಕೂ ಖನಿಜಗಳು ಇದೇ ರೀತಿ ಅಡ್ಡ ಬರುತ್ತವೆ. ಎಷ್ಟು ಅಂತರ ಬೇಕೆಂದು ಫಾರ್ಮಸಿಸ್ಟರನ್ನು ಕೇಳಿ.

ಪ್ರಶ್ನೆ: ನಾಲ್ಕು ವರ್ಷದ ಮಗ ತನ್ನ ಮಾತ್ರೆಯನ್ನು 'ಚಾಕಲೇಟ್' ಎನ್ನುತ್ತಾನೆ. ಮೊನ್ನೆ ನಾವು ನೋಡದಿದ್ದಾಗ ಆರೇಳು ತಿಂದುಬಿಟ್ಟಿದ್ದ. ಏನೂ ಆಗಲಿಲ್ಲ. ಆದರೂ ಭಯ.

ಉತ್ತರ: ಏನೂ ಆಗದಿದ್ದದ್ದು ದೊಡ್ಡ ಸಮಾಧಾನ. ನಿಮ್ಮ ಭಯ ಸರಿಯಾದದ್ದೇ. ಇಂಥ ಮಾತ್ರೆಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಅಪಾಯಕಾರಿ ಕಬ್ಬಿಣ. ಮಗುವಿನ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಕಬ್ಬಿಣ ದಾಟಿದರೆ ತೊಂದರೆ ಶುರುವಾಗಬಹುದು, 60 ದಾಟಿದರೆ ಜೀವಕ್ಕೇ ಕುತ್ತು. ಮಕ್ಕಳ ಮಾತ್ರೆಗಳಲ್ಲಿ ಕಬ್ಬಿಣ ಕಡಿಮೆ ಅಥವಾ ಇಲ್ಲವೇ ಇಲ್ಲ. ಆದರೆ ಗರ್ಭಿಣಿಯರ ಮಾತ್ರೆಯಲ್ಲಿ ಒಂದರಲ್ಲೇ 60 ಮಿಲಿಗ್ರಾಂ ಇರುವುದುಂಟು. 12 ಕೆಜಿಯ ಮಗು ಅಂಥ ನಾಲ್ಕು ತಿಂದರೆ ಮೊದಲ ಗಡಿ ಮುಟ್ಟಿತು.

ಇನ್ನೊಂದು ವಿಷಯವನ್ನು ಪ್ರತಿ ತಾಯಿತಂದೆಯೂ ತಿಳಿದಿರಬೇಕು. ಕಬ್ಬಿಣ ಹೆಚ್ಚಾದಾಗ ಮೊದಲ ಆರು ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಭೇದಿ ಆಗುತ್ತದೆ. ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣಬಹುದು. ಅದನ್ನು ನಂಬಿ ಮನೆಯಲ್ಲೇ ಉಳಿಯಬಾರದು. ದಿನ ಕಳೆಯುವಷ್ಟರಲ್ಲಿ ಲಿವರ್, ಹೃದಯ ಕುಸಿಯುವ ಸಾಧ್ಯತೆ ಇದೆ. ಇನ್ನು ಮುಂದೆ ಹೀಗೇನಾದರೂ ಆದರೆ, ಲಕ್ಷಣ ಕಾಣಲಿ ಎಂದು ಕಾಯದೆ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಾಂತಿ ಮಾಡಿಸಬೇಡಿ.

ಇವತ್ತೇ ಆ ಡಬ್ಬಿಯನ್ನು ಎತ್ತರದ, ಬೀಗ ಇರುವ ಕಪಾಟಿಗೆ ಸೇರಿಸಿ. 'ಚಾಕಲೇಟ್' ಎಂಬ ಹೆಸರನ್ನೂ ನಿಲ್ಲಿಸಿ, ಅದು ಔಷಧಿ ಎಂದೇ ಹೇಳಿಕೊಡಿ. ಮಗು ಚೆನ್ನಾಗಿ ಊಟ ಮಾಡಿ ಬೆಳೆಯುತ್ತಿದ್ದರೆ ಮಾತ್ರೆ ಬೇಕೇ ಎಂದು ಮಕ್ಕಳ ವೈದ್ಯರನ್ನು ಒಮ್ಮೆ ಕೇಳಿ. ಹೆಚ್ಚಿನ ಮಕ್ಕಳಿಗೆ ಬೇಕಾಗುವುದಿಲ್ಲ.

ಪ್ರಶ್ನೆ: ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಜೀರ್ಣಕ್ಕೆಂದು ಜ್ಯೇಷ್ಠಮಧು ಇರುವ ಅಗಿಯುವ ಮಾತ್ರೆ ದಿನಕ್ಕೆ ನಾಲ್ಕೈದು ತಿನ್ನುತ್ತೇನೆ. ಪೂರ್ತಿ ನೈಸರ್ಗಿಕ, ಹಾಗಾಗಿ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ದಯವಿಟ್ಟು ನಿಲ್ಲಿಸಿ. ಜ್ಯೇಷ್ಠಮಧುವಿನ ಸಿಹಿಗೆ ಕಾರಣ ಗ್ಲಿಸಿರೈಜಿನ್. ಅದು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಮೂತ್ರ ಹೆಚ್ಚು ಹೋಗುವ ಬಿಪಿ ಮಾತ್ರೆ ನಿಮ್ಮದಾಗಿದ್ದರೆ ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಕಾಲಿನ ಸ್ನಾಯು ಸೋತಂತೆ, ಎದೆ ಹೊಡೆದುಕೊಂಡಂತೆ ಆಗುತ್ತಿದ್ದರೆ ಇವತ್ತೇ ಪೊಟ್ಯಾಸಿಯಂ ನೋಡಿಸಿ. ಗ್ಲಿಸಿರೈಜಿನ್ ತೆಗೆದ ಜ್ಯೇಷ್ಠಮಧುವೂ ಸಿಗುತ್ತದೆ, ಅದರಲ್ಲಿ ಈ ಅಪಾಯ ತೀರಾ ಕಡಿಮೆ.

ನೈಸರ್ಗಿಕ ಎಂಬ ಮಾತಿನ ಮೇಲೆ ಭಾರ ಹಾಕಬೇಡಿ. ಅಶ್ವಗಂಧ, ಅರಿಶಿನದ ಸಾರ, ಗ್ರೀನ್ ಟೀ ಸಾರ, ಮೂರರಿಂದಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಅಪರೂಪ, ಆದರೆ ನಿಜ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಕೆ ಬಂದರೆ ಮಾತ್ರೆ ಬಿಟ್ಟು ವೈದ್ಯರ ಬಳಿ ಹೋಗಿ. ಗರ್ಭಿಣಿಯರು ಅಶ್ವಗಂಧ ತಿನ್ನಬಾರದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಗಿಂಕೊ, ಅರಿಶಿನದ ಸಾರ ಎರಡರಿಂದಲೂ ದೂರ ಇರಿ.

ಪ್ರಶ್ನೆ: ನೂರಾರು ಬ್ರ್ಯಾಂಡ್ ಇವೆ. ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮುಂದಿನ ಭಾಗ ಬಿಡಿ, ಡಬ್ಬಿ ತಿರುಗಿಸಿ. ಮೊದಲು 'ಒಂದು ಸರ್ವಿಂಗ್' ಎಂದರೆ ಎಷ್ಟು ಮಾತ್ರೆ ಎಂದು ನೋಡಿ. ಬಹಳ ಕಡೆ ಎರಡೋ ಮೂರೋ ಇರುತ್ತದೆ. ಆಮೇಲೆ ಖನಿಜದ ಎದುರು 'ಎಲಿಮೆಂಟಲ್' ತೂಕ ಬರೆದಿದೆಯೇ ನೋಡಿ, ನಿಜವಾಗಿ ಸಿಗುವ ಪ್ರಮಾಣ ಅದೇ. ಗಿಡಮೂಲಿಕೆ ಇದ್ದರೆ ಗಿಡದ ಯಾವ ಭಾಗ, ಪುಡಿಯೋ ಸಾರವೋ, ಎಷ್ಟು ಮಿಲಿಗ್ರಾಂ ಎಂದು ಇರಬೇಕು. ಹತ್ತು ಮೂಲಿಕೆಯ ಹೆಸರು ಹೇಳಿ 'ಪ್ರೊಪ್ರೈಟರಿ ಬ್ಲೆಂಡ್' ಎಂದು ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ನಾನಾದರೆ ಕೊಳ್ಳುವುದಿಲ್ಲ. ಏನು ತಿನ್ನುತ್ತಿದ್ದೇನೆ ಎಂದೇ ಗೊತ್ತಾಗದಿದ್ದರೆ ತೊಂದರೆಯಾದಾಗ ವೈದ್ಯರಿಗೆ ಹೇಳುವುದಾದರೂ ಏನು?

ಉದ್ದ ಪಟ್ಟಿ ನೋಡಿ ಮರುಳಾಗಬೇಡಿ. 500 ಮಿಲಿಗ್ರಾಂ ಕ್ಯಾಲ್ಸಿಯಂಗೇ 1250 ಮಿಲಿಗ್ರಾಂ ಕಾರ್ಬೊನೇಟ್ ಬೇಕು. ಒಂದು ಗ್ರಾಂ ತೂಗುವ ಮಾತ್ರೆಯಲ್ಲಿ ಸಿಹಿ, ಬಣ್ಣ, ಇಪ್ಪತ್ತು ಪದಾರ್ಥ ಎಲ್ಲ ಇದೆ ಎಂದರೆ ಒಂದೊಂದೂ ಚಿಟಿಕೆಯಷ್ಟೇ. ಕೊರತೆ ಇರುವುದು ಯಾವುದೋ ಅದೊಂದೇ ಇರುವ ಮಾತ್ರೆ ಸಾಮಾನ್ಯವಾಗಿ ಉತ್ತಮ ಆಯ್ಕೆ.

ತಯಾರಕರಲ್ಲದ ಬೇರೆ ಸಂಸ್ಥೆ ಪರೀಕ್ಷಿಸಿದೆಯೇ ಎನ್ನುವುದು ನನಗೆ ತುಂಬ ಮುಖ್ಯ. ಯುಎಸ್‌ಪಿ, ಎನ್‌ಎಸ್‌ಎಫ್ ಥರದ ಗುರುತು ಇದ್ದರೆ ಲೇಬಲ್‌ನಲ್ಲಿ ಇರುವುದೇ ಒಳಗೂ ಇದೆ, ಸೀಸದಂಥ ಭಾರಲೋಹ ಮಿತಿಯೊಳಗಿದೆ ಎಂದು ನೋಡಿದ್ದಾರೆ ಎಂದರ್ಥ. ಆ ಮಾತ್ರೆ ನಿಮಗೆ ಉಪಯೋಗವಾಗುತ್ತದೆ ಎಂಬ ಖಾತರಿ ಅದಲ್ಲ. ಇಷ್ಟು ಒತ್ತಿ ಹೇಳಲು ಕಾರಣ ಇದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅದೇ ವರ್ಷ ಅಮೆರಿಕದಲ್ಲಿ ದ್ರವರೂಪದ ಒಂದು ಸಪ್ಲಿಮೆಂಟ್‌ನಲ್ಲಿ ಲೇಬಲ್‌ನಲ್ಲಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿ 200 ಮಂದಿ ಅಸ್ವಸ್ಥರಾದರು. ಕೂದಲು ಉದುರಿತು, ಉಗುರು ಕೆಟ್ಟವು.

ಎರಡು ಮೂರು ಡಬ್ಬಿ ಒಟ್ಟಿಗೆ ಬಳಸುವವರು ಖನಿಜಗಳನ್ನು ಕೂಡಿಸಿ ನೋಡಿ. ಜಿಂಕ್ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು. ತಿಂಗಳುಗಟ್ಟಲೆ ದಾಟಿದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ, ಕಾಲು ಜೋಮು ಬರುತ್ತದೆ. ಕಿಡ್ನಿ ಕಾಯಿಲೆ ಇರುವವರು ಮೆಗ್ನೀಸಿಯಂ, ಪೊಟ್ಯಾಸಿಯಂ ಇರುವ ಯಾವುದನ್ನೂ ಸ್ವಂತ ತೀರ್ಮಾನದಲ್ಲಿ ಮುಟ್ಟಬೇಡಿ.

ಪ್ರಶ್ನೆ: ಶುಗರ್ ಇದೆ. ಸಕ್ಕರೆ ಇಲ್ಲದ ಅಗಿಯುವ ಮಾತ್ರೆ ಸರಿಯೇ? ಹಲ್ಲಿಗೆ?

ಉತ್ತರ: ಸರಿ. ಆದರೆ ಅದರಲ್ಲಿ ಸಾರ್ಬಿಟಾಲ್ ಎಂಬ ಸಿಹಿಕಾರಕ ಇದ್ದರೆ ಜಾಸ್ತಿ ತಿಂದಾಗ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಹುಳಿ ಇರುವ, ವಿಟಮಿನ್ ಸಿ ಸೇರಿಸಿದ ಮಾತ್ರೆಗಳು ಹಲ್ಲಿನ ಹೊರಪದರ ಸವೆಸುತ್ತವೆ. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಬ್ರಷ್ ಮಾಡಲು ಅರ್ಧ ಗಂಟೆ ತಡೆಯಿರಿ. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಎಂಬ ಇನ್ನೊಂದು ಸಿಹಿಕಾರಕ ಇರುವ ಮಾತ್ರೆ ಅದಕ್ಕೆ ಸಿಗದಂತೆ ಇಡಿ, ನಾಯಿಗೆ ಅದು ವಿಷ.

ಪ್ರಶ್ನೆ: ಶುರು ಮಾಡಿದ ಮೇಲೆ ಎಷ್ಟು ದಿನ ತಿನ್ನಬೇಕು?

ಉತ್ತರ: ಯಾಕೆ ಶುರು ಮಾಡಿದಿರಿ ಎನ್ನುವುದರ ಮೇಲೆ ಹೋಗುತ್ತದೆ. ಕಬ್ಬಿಣದ ಕೊರತೆಗಾದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿದ್ದು ಕಾಣಬೇಕು. ಅದು ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಪರೀಕ್ಷಿಸಿ ನಿಲ್ಲಿಸಬಹುದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದು ವರ್ಷಗಟ್ಟಲೆ ಬೇಕಾಗಬಹುದು. ಅಶ್ವಗಂಧದ ಬಗ್ಗೆ ನಡೆದ ಹೆಚ್ಚಿನ ಅಧ್ಯಯನಗಳು ಮೂರು ತಿಂಗಳ ಒಳಗಿನವು, ಅದಕ್ಕಿಂತ ಹೆಚ್ಚು ಕಾಲ ತಿನ್ನಿ ಎಂದು ನಾನು ಹೇಳುವುದಿಲ್ಲ. ಆಪರೇಷನ್ ಗೊತ್ತಾಗಿದ್ದರೆ ಗಿಡಮೂಲಿಕೆ ಮಾತ್ರೆಗಳನ್ನು ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಅರಿವಳಿಕೆ ಕೊಡುವ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.