ಇ-ದೃಢೀಕರಣ ಕಾಲೇಜಿನದೇ ಕೆಲಸ

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಇ-ದೃಢೀಕರಣ, ಅಂದರೆ ದಾಖಲೆ ಸರಿಯಿದೆ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸುವುದನ್ನು, ಕೇಳಿದರೆ ಕಾಲೇಜಿನವರು 'ಇಲಾಖೆಗೆ ಹೋಗಿ' ಅನ್ನುತ್ತಾರೆ ಎಂದಿದ್ದೀರಿ. ಸುಮ್ನೆ ಅಲೆಯಬೇಡಿ, ಅದು ಕಾಲೇಜಿನದೇ ಕೆಲಸ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕಾಲೇಜಿನ ಇ-ದೃಢೀಕರಣ ಅಧಿಕಾರಿಯೇ ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ, ಶುಲ್ಕದ ರಸೀದಿ ಇವುಗಳ ಮೂಲಪ್ರತಿ ನೋಡಿ ಪೋರ್ಟಲ್‌ಗೆ ಹಾಕಬೇಕು. ಆಗ ಸಿಗುವ ದೃಢೀಕರಣ ಸಂಖ್ಯೆ ಇಲ್ಲದೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಅವರು ಕೆಲಸ ಮಾಡದಿದ್ದಕ್ಕೆ ನಿಮ್ಮ ದುಡ್ಡು ಯಾಕೆ ನಿಲ್ಲಬೇಕು, ಅಲ್ವಾ?

ಪ್ರಾಂಶುಪಾಲರಿಗೆ ಬರವಣಿಗೆಯಲ್ಲೇ ಮನವಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ. ಆಮೇಲೂ ಆಗದಿದ್ದರೆ ಆ ಪ್ರತಿ ಹಿಡಿದು ನಿಮ್ಮ ವರ್ಗಕ್ಕೆ ಸಂಬಂಧಿಸಿದ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ಅರ್ಜಿಯ ಕೊನೆ ದಿನ ಹತ್ತಿರವಿದ್ದರೆ ಇವತ್ತೇ ಬರೆದುಕೊಡಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಆಧಾರ್ ಜೋಡಣೆ) ಆಗಿದೆಯಾ ಅಂತಲೂ ಒಮ್ಮೆ ವಿಚಾರಿಸಿ.