ಜಲಾಶಯದ ತಳದಲ್ಲಿ ಯಾವ ಜೀವಿ ಎಲ್ಲಿ ನೆಲೆಸಬೇಕೆಂದು ನಿರ್ಧರಿಸುವುದು ಯಾವುದು?

ಜಲಾಶಯದ ಹಿನ್ನೀರಿನ ತುದಿಯಲ್ಲಿ ಹತ್ತಾರು ಬಗೆಯ ತಳವಾಸಿ ಅಕಶೇರುಕಗಳು ಸಿಕ್ಕವು, ಅಣೆಕಟ್ಟಿನ ಬಳಿಯ ಆಳದಲ್ಲಿ ಮಾತ್ರ ಕೆಂಪು ಹುಳುಗಳನ್ನು ಬಿಟ್ಟರೆ ಬೇರೇನೂ ಸಿಗಲಿಲ್ಲ, ಇದಕ್ಕೆ ಕಾರಣ ಆಳವೋ ಮಾಲಿನ್ಯವೋ ಎಂದು ಕೇಳಿದ್ದೀರಿ. ಇಂಥ ಕೆಸರನ್ನು ಹಲವು ವರ್ಷ ಜರಡಿ ಹಿಡಿದಿರುವ ನನಗೆ, ಎರಡರಲ್ಲೊಂದನ್ನು ಆರಿಸಿಕೊಳ್ಳುವ ಮುನ್ನ ಆಳದ ಬೆನ್ನಿಗೆ ಏನೇನು ಬದಲಾಗುತ್ತದೆ ಎಂದು ನೋಡಬೇಕೆನಿಸುತ್ತದೆ. ಆಳವೊಂದೇ ಈ ಜೀವಿಗಳನ್ನು ದೂರವಿಡುವುದು ಕಡಿಮೆ. ಅದರ ಜೊತೆಗೆ ಬರುವ ಆಮ್ಲಜನಕದ ಕೊರತೆ ಮತ್ತು ಮೆತ್ತನೆಯ ಹೂಳು ಆ ಕೆಲಸ ಮಾಡುತ್ತವೆ.

ಮೊದಲು ಆಮ್ಲಜನಕ. ಬಿಸಿಲಿಗೆ ಕಾದ ಮೇಲ್ಪದರದ ನೀರು ಹಗುರವಾಗಿ, ಕೆಳಗಿನ ತಂಪು ನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಈ ಮುಚ್ಚಳ ಬಿಗಿಯಾಗುತ್ತದೆ: 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ನೀರಿನ ಸಾಂದ್ರತೆ ಎಷ್ಟು ಬದಲಾಗುತ್ತದೆಯೋ, 30 ಡಿಗ್ರಿಯ ಆಸುಪಾಸಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಬೆಚ್ಚಗಿನ ಜಲಾಶಯಗಳಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸವೇ ಮೇಲಿನ ಮತ್ತು ಕೆಳಗಿನ ನೀರು ಬೆರೆಯದಂತೆ ತಡೆಯಬಲ್ಲದು. ತಳಕ್ಕಿಳಿದ ಸಾವಯವ ಪದಾರ್ಥ ಕೊಳೆಯುತ್ತ ಇದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದ ನೀರಿನಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳೂ ಬಹುಪಾಲು ಮೃದ್ವಂಗಿಗಳೂ ಬಹುಕಾಲ ತಾಳಲಾರವು. ನೀವು ಕಂಡ ಕೆಂಪು ಹುಳುಗಳು ತಾಳುವುದು ಹಿಮೋಗ್ಲೋಬಿನ್‌ನಿಂದ. ಸೊಳ್ಳೆಯಂತಹ, ಆದರೆ ಕಚ್ಚದ ಕಿರೊನೊಮಸ್ ಕೀಟದ ಮರಿಗಳ ಮತ್ತು ಟ್ಯೂಬಿಫೆಕ್ಸ್ ಹುಳುಗಳ ಕೆಂಪು ಬಣ್ಣ ಅದರದೇ. ಟ್ಯೂಬಿಫೆಕ್ಸ್ ತಲೆಯನ್ನು ಕೆಸರಿನಲ್ಲಿ ಹುದುಗಿಸಿ, ಬಾಲವನ್ನು ನೀರಿನಲ್ಲಿ ಬಳುಕಿಸುತ್ತ ಇರುವಷ್ಟು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಆಳದಿಂದ ಎತ್ತಿದ, ತಳದ ಕೆಸರನ್ನು ಬಾಚಿ ತರುವ ಉಪಕರಣವಾದ ಗ್ರಾಬ್‌ನ ಮುಚ್ಚಳವನ್ನು ಮೆಲ್ಲಗೆ ತೆರೆದರೆ ಕೆಸರಿನ ಮೈಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ, ಅದರಡಿ ಕಪ್ಪು ಕೆಸರು ಕಾಣಬಹುದು. ಕಂದು ಬಣ್ಣ ಆಮ್ಲಜನಕ ತಲುಪುತ್ತಿರುವ ಗುರುತು, ಕಪ್ಪು ಕಬ್ಬಿಣದ ಸಲ್ಫೈಡಿನದು. ಕಂದು ಪದರವೇ ಇಲ್ಲದೆ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ, ಜರಡಿಗೆ ಸುರಿಯುವ ಮೊದಲೇ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲವೆಂದು ಊಹಿಸಬಹುದು.

ಹಿನ್ನೀರಿನ ತುದಿಯ ಸಮೃದ್ಧಿಗೆ ತಳದ ಕಣಗಳೂ ಕಾರಣ. ಹರಿವು ನಿಧಾನವಾದ ಕೂಡಲೇ ನದಿ ಮೊದಲು ಜಲ್ಲಿ, ಮರಳನ್ನು ಇಳಿಸಿ, ನಯವಾದ ಜೇಡಿಯನ್ನು ಅಣೆಕಟ್ಟಿನವರೆಗೂ ಒಯ್ಯುತ್ತದೆ. ಕಲ್ಲಿನ ಸಂದುಗಳು ಕ್ಯಾಡಿಸ್ ಎಂಬ ಕೀಟದ ಮರಿಗಳಿಗೆ ಮನೆ, ಮರಳು ಕಪ್ಪೆಚಿಪ್ಪುಗಳಿಗೆ ಗಟ್ಟಿ ನೆಲೆ; ಗಂಜಿಯಂತಹ ಹೂಳಿನಲ್ಲಿ ಅವು ಮುಳುಗುತ್ತವೆ, ಕಿವಿರು ಮುಚ್ಚಿಹೋಗುತ್ತದೆ.

ಆದರೆ ಸಹಜ ಸರೋವರಕ್ಕೂ ಜಲಾಶಯಕ್ಕೂ ನಿಜವಾದ ವ್ಯತ್ಯಾಸ ನೀರಿನ ಮಟ್ಟದ ಏರಿಳಿತ, ಮತ್ತು ಇದಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲವೆಂದೇ ನನ್ನ ಅಭಿಪ್ರಾಯ. ಸರೋವರದಲ್ಲಿ ದಡದ ಆಳವಿಲ್ಲದ, ಗಿಡಗಳಿರುವ ಅಂಚೇ ಅತಿ ಸಮೃದ್ಧ. ಜಲಾಶಯದಲ್ಲಿ ಅದೇ ಅಂಚು ವರ್ಷಕ್ಕೊಮ್ಮೆ ಹಲವು ಮೀಟರ್ ಬರಿದಾಗಿ ಒಣಗುವುದುಂಟು. ಇಳಿಯುವ ನೀರನ್ನು ಹಿಂಬಾಲಿಸಲಾಗದ ಕಪ್ಪೆಚಿಪ್ಪುಗಳು ಬಿರುಕುಬಿಟ್ಟ ಕೆಸರಿನಲ್ಲೇ ಉಳಿದು ಸಾಯುತ್ತವೆ. ಕಿರೊನೊಮಿಡ್‌ಗಳಾದರೋ (ಕಿರೊನೊಮಸ್ ಸೇರಿದ ಕೀಟ ಕುಟುಂಬ) ರೆಕ್ಕೆ ಮೂಡಿದ ಮೇಲೆ ಹಾರಿಬಂದು, ಮತ್ತೆ ತುಂಬಿದ ನೀರಿನಲ್ಲಿ ಮೊಟ್ಟೆಯಿಟ್ಟು ಕೆಲವೇ ವಾರಗಳಲ್ಲಿ ಜಾಗ ಹಿಡಿಯುತ್ತವೆ. ನೀರನ್ನು ಯಾವ ಆಳದ ತೂಬಿನಿಂದ ಬಿಡುತ್ತಾರೆ ಎಂಬುದೂ ಮುಖ್ಯ: ಕೆಳಗಿನ ತೂಬು ತಳದ ಉಸಿರುಗಟ್ಟಿದ ನೀರನ್ನು ಹೊರಹಾಕುತ್ತದೆ, ಮೇಲಿನದು ಅದನ್ನು ಅಲ್ಲೇ ಬಿಡುತ್ತದೆ.

ಇನ್ನು ಮಾಲಿನ್ಯ. ಹುಳು ಕೆಂಪಗಿದೆ ಎಂದಷ್ಟಕ್ಕೇ ನೀರು ಕೆಟ್ಟಿದೆ ಎನ್ನಬೇಡಿ. ಕುಲದ ಮಟ್ಟದವರೆಗಾದರೂ ಗುರುತಿಸಿ. ಆಗಸ್ಟ್ ಟೀನೆಮನ್ ಎಂಬ ಜರ್ಮನ್ ವಿಜ್ಞಾನಿ 20ನೆಯ ಶತಮಾನದ ಆರಂಭದಲ್ಲೇ, ತಳದಲ್ಲಿ ಆಮ್ಲಜನಕ ಉಳಿಯುವ ಸರೋವರಗಳಲ್ಲಿ ಟ್ಯಾನಿಟಾರ್ಸಸ್, ಅದು ಬತ್ತುವ ಸರೋವರಗಳಲ್ಲಿ ಕಿರೊನೊಮಸ್ ಪ್ರಧಾನವೆಂದು ತೋರಿಸಿದ್ದರು. ಎರಡೂ ಕಿರೊನೊಮಿಡ್‌ಗಳೇ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕಿದ್ದರೆ ಎರಡೂ ತುದಿಗಳಲ್ಲಿ ಒಂದೇ ಆಳದಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ತಳದಿಂದ, ಉದಾಹರಣೆಗೆ 3 ಮೀಟರಿನಲ್ಲಿ, ಮಾದರಿ ತೆಗೆಯಿರಿ. ಅಣೆಕಟ್ಟಿನ ಬಳಿ ಆ ಆಳದಲ್ಲೂ ಬರೀ ಕೆಂಪು ಹುಳುಗಳಿದ್ದರೆ ಮಾಲಿನ್ಯವನ್ನು ಸಂಶಯಿಸಲು ಆಧಾರವಿದೆ. ಅಲ್ಲಿ ವೈವಿಧ್ಯ ಕಂಡರೆ ಆಳದ ಆಮ್ಲಜನಕದ ಕಡೆಗೆ ನೋಡಿ. ಆಮ್ಲಜನಕವನ್ನು ಕೆಸರಿಗೆ ತಾಗುವಷ್ಟು ಹತ್ತಿರದಲ್ಲಿ ಅಳೆಯಿರಿ. ನಾನು ಮೊದಲ ವರ್ಷ ತಳಕ್ಕಿಂತ ಒಂದು ಮೀಟರ್ ಮೇಲೆ ಅಳೆದು, ಆಮ್ಲಜನಕ ಸಾಕಷ್ಟಿದೆ ಎಂದು ತಪ್ಪಾಗಿ ಬರೆದಿದ್ದೆ. ಮರುವರ್ಷ ಸಂವೇದಕವನ್ನು ಕೆಸರಿನ ಮೇಲೇ ಇಳಿಸಿದಾಗ ಅದು ಸೊನ್ನೆಯ ಹತ್ತಿರವಿತ್ತು.